ಹಸು ಕೊಟ್ಟವರೇ ಹಾಲೂ ಕರೆದುಕೊಡಬೇಕಾ?

(ಮೊನ್ನೆ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಹಿಂದೆ ಮುಂದೆ ಆಗಿದ್ದನ್ನು ಸ್ವಲ್ಪ ಜೋಡಿಸಿದ್ದೇನೆ. ಒಂದು ಕಡೆ ಇಸವಿ ತಪ್ಪು ಹೇಳಿದ್ದೆ, ಅದನ್ನೂ ತಿದ್ದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಒಂದು ಮೆಸೇಜ್ ಓದಿ ಶುರು ಮಾಡುತ್ತೇನೆ.

"ನಿಮ್ಮ ಸಾಫ್ಟ್‌ವೇರ್‌ನಿಂದ ನಮ್ಮ ಪ್ರವಾಸದ ಫೋಟೊಗಳೆಲ್ಲ ಹಾಳಾಗಿವೆ. ಇಷ್ಟೊಂದು ಬೇಜವಾಬ್ದಾರಿನಾ? ಇವತ್ತೇ ಸರಿಮಾಡಿ."

ಇಷ್ಟೇ. ಯಾವ ಆವೃತ್ತಿ, ಯಾವ ಕ್ಯಾಮೆರಾ, ಹಾಳಾಗಿದೆ ಅಂದರೆ ಏನಾಗಿದೆ, ಒಂದೂ ಇಲ್ಲ. ಬಂದಿದ್ದು ರಾತ್ರಿ ಹನ್ನೊಂದೂವರೆಗೆ. ಮಲಗುವ ಮುಂಚೆ ಸುಮ್ನೆ ಒಂದು ಸಲ ಫೋನ್ ನೋಡಿದೆ, ಆಮೇಲೆ ಎರಡು ಗಂಟೆಯವರೆಗೆ ನಿದ್ದೆ ಹತ್ತಲಿಲ್ಲ. ಸಿಟ್ಟಿನಿಂದಲ್ಲ. ನಿಜವಾಗಲೂ ಯಾರದೋ ಫೋಟೊಗಳು ಹೋಗಿಬಿಟ್ಟವಾ ಅನ್ನುವ ಭಯದಿಂದ.

ಆ ಸಾಫ್ಟ್‌ವೇರ್ ನನ್ನದು. ಸಾಫ್ಟ್‌ವೇರ್ ಅನ್ನುವುದು ದೊಡ್ಡ ಮಾತಾಯಿತು. ಫೋಟೊ, ವಿಡಿಯೊ ಫೈಲುಗಳಿಗೆ ಅವನ್ನು ತೆಗೆದ ದಿನ ಮತ್ತು ಹೊತ್ತಿನ ಪ್ರಕಾರ ಹೆಸರಿಡುವ ಒಂದು ಚಿಕ್ಕ ಪ್ರೋಗ್ರಾಂ. ನನಗೆ ಬೇಕಿತ್ತು, ಬರೆದುಕೊಂಡೆ. ಇನ್ನೊಬ್ಬರಿಗೂ ಉಪಯೋಗ ಆಗಲಿ ಅಂತ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿ, ತಿದ್ದಿ, ಹಂಚಬಹುದು ಅನ್ನುವ ಎಂಐಟಿ ಲೈಸೆನ್ಸ್ ಹಾಕಿ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಇಟ್ಟೆ. ಹೀಗೆ ಸೋರ್ಸ್, ಅಂದರೆ ಮೂಲ ಕೋಡನ್ನೇ ಎಲ್ಲರಿಗೂ ತೆರೆದಿಡುವುದಕ್ಕೆ ಓಪನ್ ಸೋರ್ಸ್ ಅನ್ನುತ್ತಾರೆ. ಹಗಲು ಬೇರೆ ಕೆಲಸ ಇದೆ, ಹೊಟ್ಟೆಪಾಡು ಅದರಿಂದ. ಇದು ಭಾನುವಾರದ ಕೆಲಸ.

ಫೋಟೊಗಳು ಹೋಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಸಲ ಪ್ರಶ್ನೆ ಕೇಳಿದ ಮೇಲೆ ಗೊತ್ತಾಗಿದ್ದು ಇಷ್ಟು: ಫೋಟೊಗಳ ಸಾಲಿನಲ್ಲಿ ವಿಡಿಯೊಗಳು ತಪ್ಪು ಜಾಗದಲ್ಲಿ ಕೂತಿದ್ದವು. ಬೆಳಗ್ಗೆ ಸೂರ್ಯ ಹುಟ್ಟುವಾಗ ತೆಗೆದ ವಿಡಿಯೊ ಹಿಂದಿನ ರಾತ್ರಿಯ ಊಟದ ಫೋಟೊಗಳ ಮಧ್ಯೆ ಇತ್ತು. ಏಕೆ ಅಂದರೆ, ಫೋಟೊ ಒಳಗೆ ಕ್ಯಾಮೆರಾ ಬರೆಯುವ ಸಮಯ ಅದರ ಗಡಿಯಾರದಲ್ಲಿ ಆಗ ಎಷ್ಟಿತ್ತೋ ಅಷ್ಟು, ಯಾವ ದೇಶದ ಸಮಯ ಅಂತ ಅದರಲ್ಲಿ ಇರುವುದಿಲ್ಲ. ಅದನ್ನು ಬರೆಯಲು ಎಕ್ಸಿಫ್, ಅಂದರೆ ಫೋಟೊ ಒಳಗೆ ಇಂಥ ವಿವರ ಬರೆಯುವ ಮಾನದಂಡದಲ್ಲಿ ಜಾಗ ಸಿಕ್ಕಿದ್ದೇ 2016ರಲ್ಲಿ, ಸಿಕ್ಕ ಮೇಲೂ ಎಲ್ಲ ಕ್ಯಾಮೆರಾಗಳು ಬರೆಯುವುದಿಲ್ಲ. ವಿಡಿಯೊ ಫೈಲಿನ ನಿಯಮ ಬೇರೆ, ಅಲ್ಲಿ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ ಬರೆಯಬೇಕು. ನಿಯಮ ಹಾಗಿದೆ ಅಂತ ಎಲ್ಲರೂ ಪಾಲಿಸಬೇಕಲ್ಲ, ಫೋನುಗಳು ಸಾಮಾನ್ಯವಾಗಿ ಪಾಲಿಸುತ್ತವೆ, ಕೆಲವು ಕ್ಯಾಮೆರಾಗಳು ಅಲ್ಲೂ ತಮ್ಮ ಗಡಿಯಾರದ ಸಮಯವನ್ನೇ ಬರೆದುಬಿಡುತ್ತವೆ. ಹಾಗಾಗಿ ನಾನು ಫೋನಿಗೆ ಸರಿ ಮಾಡಿದರೆ ಕ್ಯಾಮೆರಾದವರಿಗೆ ಕೆಡುತ್ತದೆ, ಕ್ಯಾಮೆರಾಗೆ ಸರಿ ಮಾಡಿದರೆ ಫೋನಿನವರಿಗೆ ಕೆಡುತ್ತದೆ.

ಅವರ ಕ್ಯಾಮೆರಾ ಯಾವ ಬಗೆಯದು ಅಂತ ಕಂಡುಹಿಡಿಯಲು ನನಗೆ ಬೇಕಾಗಿದ್ದು ಎರಡೇ: ಒಂದು ಮೂಲ ವಿಡಿಯೊ ಫೈಲು, ಕ್ಯಾಮೆರಾದ ಮಾಡೆಲ್. ಕೇಳಿದೆ. ಒಂಬತ್ತು ದಿನ ಉತ್ತರ ಇಲ್ಲ. ಹತ್ತನೇ ದಿನ ಬಂತು. "ಇನ್ನೂ ಸರಿಯಾಗಿಲ್ವಾ?"

ನೀವು ನಗುತ್ತಿದ್ದೀರಿ. ಸರಿ. ಆದರೆ ಆ ಮನುಷ್ಯನ ಕಡೆಯಿಂದಲೂ ಸ್ವಲ್ಪ ನೋಡೋಣ. ಅವರ ಕಣ್ಣಿಗೆ ಕಂಡಿದ್ದು ಒಂದು ಪುಟ, ಒಂದು ಡೌನ್‌ಲೋಡ್ ಬಟನ್, ಒಂದು ಲೋಗೊ. ನಾಲ್ಕು ಕಾಸು ಕೊಟ್ಟು ಕೊಂಡ ಸಾಫ್ಟ್‌ವೇರ್ ಪುಟವೂ ಹಾಗೇ ಇರುತ್ತದೆ. ಅದರ ಹಿಂದೆ ಇನ್ನೂರು ಜನ ಕೂತ ಆಫೀಸ್ ಇದೆಯಾ, ಒಬ್ಬನೇ ಒಬ್ಬ ನಿದ್ದೆಗೆಟ್ಟವನು ಇದ್ದಾನಾ ಅಂತ ಹೊರಗಿನಿಂದ ಗೊತ್ತಾಗುವುದು ಹೇಗೆ?

ಲೈಸೆನ್ಸ್ ಓದಿದರೆ ಗೊತ್ತಾಗುತ್ತದೆ ಅಂತ ನಮ್ಮವರು ಹೇಳುತ್ತಾರೆ. ಎಂಐಟಿ ಲೈಸೆನ್ಸ್ ಒಂದು ಪುಟವೂ ಇಲ್ಲ. ಕೊನೆಯ ಪ್ಯಾರಾ ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಇದೆ: ಇದ್ದದ್ದನ್ನು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಖಾತ್ರಿಯೂ ಇಲ್ಲ. ಜಿಪಿಎಲ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ಲೈಸೆನ್ಸ್‌ನಲ್ಲೂ ಇದೇ ಮಾತು ಇದೆ. (ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ಹಾಗಾಗಿ ಕಿರುಚುವ ಸೌಲಭ್ಯವೂ ಇಲ್ಲ.) ಆದರೆ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರಿನ ಒಪ್ಪಂದದಲ್ಲೂ ಸಾಮಾನ್ಯವಾಗಿ ಇಂಥದ್ದೇ ಸಾಲು ಇರುತ್ತದೆ, ಅಲ್ವಾ? ಅದನ್ನು ಓದದೆ "ಒಪ್ಪಿದೆ" ಒತ್ತುವುದನ್ನು ನಾವೇ ಎಲ್ಲರಿಗೂ ಕಲಿಸಿದ್ದೇವೆ. ಈಗ ಲೈಸೆನ್ಸ್ ಓದಲಿಲ್ಲ ಅಂತ ಬೈದರೆ ಏನು ಪ್ರಯೋಜನ. ಕೋರ್ಟಿಗೆ ಹೋದರೆ ಆ ಪ್ಯಾರಾ ಕೆಲಸಕ್ಕೆ ಬರುತ್ತದೆ. ರಾತ್ರಿ ಹನ್ನೊಂದೂವರೆಯ ಮೆಸೇಜಿಗೆ ಬರುವುದಿಲ್ಲ.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ಗಾದೆ ಇದೆ. ಓಪನ್ ಸೋರ್ಸ್ ಚರ್ಚೆಯಲ್ಲಿ ಯಾರಾದರೂ ಅದನ್ನು ತಂದೇ ತರುತ್ತಾರೆ. ನನಗೆ ಆ ಗಾದೆ ಇಲ್ಲಿ ಒಪ್ಪಿಗೆ ಇಲ್ಲ. ಹಲ್ಲು ಎಣಿಸಲಿ ಅಂತಲೇ ಅಲ್ವಾ ಸೋರ್ಸ್ ತೆರೆದಿಟ್ಟಿರುವುದು? ಬಾಯಿ ತೆರೆದು ನೋಡಿ, ಹುಳುಕು ಇದ್ದರೆ ಹೇಳಿ, ಊರಿಗೆಲ್ಲ ಹೇಳಿ, ಬೇಸರ ಇಲ್ಲ. ತಕರಾರು ಇರುವುದು ಬೇರೆ ಕಡೆ. ಹಸು ಕೊಟ್ಟವರೇ ದಿನಾ ಬೆಳಗ್ಗೆ ಬಂದು ಹಾಲು ಕರೆದು ಕೊಡಬೇಕು ಅನ್ನುವಲ್ಲಿ. ಕೋಡ್ ಕೊಟ್ಟಿದ್ದೇವೆ, ಸಮಯ ಕೊಟ್ಟಿಲ್ಲ. ಕೋಡನ್ನು ಒಂದು ಸಲ ಕೊಟ್ಟರೆ ಲಕ್ಷ ಜನ ತೆಗೆದುಕೊಳ್ಳಬಹುದು, ನನ್ನದೇನೂ ಕಡಿಮೆಯಾಗುವುದಿಲ್ಲ. ನನ್ನ ಭಾನುವಾರವನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಈ ಎರಡನ್ನೂ "ಫ್ರೀ" ಅನ್ನುವ ಒಂದೇ ಚೀಲಕ್ಕೆ ತುಂಬಿದ್ದರಿಂದ ಇಷ್ಟು ರಗಳೆ.

ಕರ್ಲ್ ಗೊತ್ತಲ್ಲ? ಇಂಟರ್ನೆಟ್‌ನಿಂದ ಡೇಟಾ ತರಿಸುವ ಸಾಧನ, 1998ರಿಂದ ಇದೆ, ಫೋನು, ಟಿವಿ, ಕಾರು ಎಲ್ಲದರ ಒಳಗೂ ಕೂತಿದೆ. ಅದನ್ನು ಶುರುಮಾಡಿದ ಡೇನಿಯಲ್ ಸ್ಟೆನ್‌ಬರ್ಗ್ ಅವರ ಹೆಸರು, ಇಮೇಲ್ ಲೈಸೆನ್ಸ್ ಪಠ್ಯದಲ್ಲೇ ಇದೆ. ಲೈಸೆನ್ಸನ್ನು ಎಲ್ಲಾದರೂ ತೋರಿಸಬೇಕು ಅನ್ನುವ ನಿಯಮ ಇರುವುದರಿಂದ ಕಾರಿನ ಪರದೆಯ ಯಾವುದೋ ಮೂಲೆಯ ಮೆನುವಿನಲ್ಲಿ ಅದು ಬರುತ್ತದೆ. ಕಾರಿನ ಸ್ಟೀರಿಯೊ ಕೆಟ್ಟವರು, ಮ್ಯಾಪ್ ಬರದವರು ಹುಡುಕಿ ಹುಡುಕಿ ಕೊನೆಗೆ ಸಿಕ್ಕ ಒಂದೇ ಇಮೇಲ್‌ಗೆ ಬರೆಯುತ್ತಾರೆ. ಪಾಪ, ಆ ಕಾರಿನವರು ತಮ್ಮ ಗ್ರಾಹಕರಿಗೆ ಬೇರೆ ಮನುಷ್ಯರ ವಿಳಾಸವನ್ನೇ ಕೊಟ್ಟಿಲ್ಲ ಅಂತ ಆಯಿತು. ನನಗೆ ಇದು ತಮಾಷೆಗಿಂತ ದುಃಖದ ವಿಷಯ ಅನಿಸುತ್ತದೆ, ಸಹಾಯಕ್ಕೆ ಹುಡುಕುತ್ತಾ ಹೋದವನಿಗೆ ಇಡೀ ಯಂತ್ರದಲ್ಲಿ ಸಿಕ್ಕ ಮನುಷ್ಯ, ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್.

ಅವರಿಗೇ 2022ರ ಜನವರಿಯಲ್ಲಿ ಒಂದು ಭಾರಿ ಕಂಪನಿಯಿಂದ ಪತ್ರ ಬಂತು. ಆಗಷ್ಟೇ ಲಾಗ್‌ಫೋರ್‌ಜೆಯ ಗಲಾಟೆ ನಡೆದಿತ್ತು. (ಪ್ರೋಗ್ರಾಂಗಳು ಏನೇನು ಮಾಡಿದವು ಅಂತ ದಾಖಲೆ ಬರೆದಿಡುವ ಓಪನ್ ಸೋರ್ಸ್ ಕೋಡ್ ಅದು.) ನಿಮ್ಮ ಉತ್ಪನ್ನದಲ್ಲಿ ಲಾಗ್‌ಫೋರ್‌ಜೆ ಇದೆಯಾ, ಏನು ಕ್ರಮ ತೆಗೆದುಕೊಂಡಿರಿ, 24 ಗಂಟೆಯೊಳಗೆ ಉತ್ತರಿಸಿ ಅಂತ. ಕರ್ಲ್ ಬರೆದಿರುವುದು ಸಿ ಭಾಷೆಯಲ್ಲಿ, ಲಾಗ್‌ಫೋರ್‌ಜೆ ಜಾವಾದ್ದು, ಸಂಬಂಧವೇ ಇಲ್ಲ. ಆ ಕಂಪನಿಯವರು ಒಂದು ಪೈಸೆಯ ಗ್ರಾಹಕರೂ ಅಲ್ಲ. ಸ್ಟೆನ್‌ಬರ್ಗ್ ತಣ್ಣಗೆ ಬರೆದರು: ಸಪೋರ್ಟ್ ಒಪ್ಪಂದ ಮಾಡಿಕೊಳ್ಳಿ, ಸಂತೋಷವಾಗಿ ಉತ್ತರಿಸುತ್ತೇನೆ. ಅದಕ್ಕೆ ಬಂದ ಮರು ಉತ್ತರ ಶುರುವಾಗಿದ್ದು "ಹಾಯ್ ಡೇವಿಡ್" ಅಂತ. ಡೇನಿಯಲ್ ಅನ್ನುವುದನ್ನೂ ಸರಿಯಾಗಿ ಓದಿರಲಿಲ್ಲ.

ಲಾಗ್‌ಫೋರ್‌ಜೆಯ ಕಥೆ ಇನ್ನೂ ಕಷ್ಟದ್ದು. 2021ರ ಡಿಸೆಂಬರ್‌ನಲ್ಲಿ ಅದರಲ್ಲಿ ದೊಡ್ಡ ರಂಧ್ರ ಸಿಕ್ಕಿತು, ಸರ್ವರಿಗೆ ಒಂದು ಸಾಲಿನ ಪಠ್ಯ ಕಳಿಸಿ ಅದನ್ನೇ ವಶ ಮಾಡಿಕೊಳ್ಳುವಂಥದ್ದು. ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಸ್ವಯಂಸೇವಕರು. ಆ ತಿಂಗಳಲ್ಲೇ 2.15, 2.16, 2.17, ಆಮೇಲೆ 2.17.1 ಅಂತ ಒಂದರ ಹಿಂದೆ ಒಂದು ರಿಲೀಸ್ ಮಾಡಿದರು, ನಿದ್ದೆ ಬಿಟ್ಟು. ಅಷ್ಟರಲ್ಲಿ ಜನ ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ತೊಂದರೆ ಕೊಟ್ಟ ಆ ಸೌಲಭ್ಯ ನಮಗ್ಯಾರಿಗೂ ಇಷ್ಟ ಇರಲಿಲ್ಲ, ಹಳೆಯ ಬಳಕೆದಾರರ ಕೆಲಸ ಕೆಡಬಾರದು ಅಂತ ಉಳಿಸಿಕೊಂಡಿದ್ದೆವು ಅಂತ ಅವರಲ್ಲಿ ಒಬ್ಬರು ಆಗ ಹೇಳಿದರು. ಅಂದರೆ ಜನರ ನಿರೀಕ್ಷೆಗೆ ತಲೆಬಾಗಿದ್ದಕ್ಕೇ ಬೈಸಿಕೊಂಡರು! ಇದನ್ನು ಓದಿದ ಮೇಲೆ ನಾನು ನನ್ನ ಪ್ರೋಗ್ರಾಂನಿಂದ ಎರಡು ಹಳೇ ಆಯ್ಕೆಗಳನ್ನು ಕಿತ್ತು ಹಾಕಿದೆ. ಬೈಗುಳ ಬಂತು. ಬರಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮೊದಲ ಎರಡು ವರ್ಷ ಯಾರೇ ಬರೆದರೂ ನಾನು ಹತ್ತು ನಿಮಿಷದಲ್ಲಿ ಉತ್ತರ ಕೊಡುತ್ತಿದ್ದೆ. ಯಾರೋ ನನ್ನ ಕೋಡ್ ಬಳಸುತ್ತಿದ್ದಾರೆ ಅನ್ನುವುದೇ ಒಂದು ಖುಷಿ, ಬಸ್ಸಿನಲ್ಲಿ ನಿಂತುಕೊಂಡು ಉತ್ತರ ಟೈಪ್ ಮಾಡಿದ್ದಿದೆ. ಪುಟದಲ್ಲಿ ಬೇರೆ ಬರೆದಿದ್ದೆ: "ಸುಲಭ, ನಂಬಿಕಸ್ಥ, ಎಲ್ಲರಿಗೂ." ಯಾರು ಹೇಳಿದ್ದರು ನನಗೆ ಹಾಗೆ ಬರೆಯಲು? ನಾಲ್ಕು ಜನರ ಪ್ರಾಜೆಕ್ಟ್ ನೋಡಿ ನಾನೂ ಬರೆದೆ. ಆಮೇಲೆ ಮನೆಯಲ್ಲಿ ಕೆಲಸ ಜಾಸ್ತಿಯಾಯಿತು, ಉತ್ತರ ಮೂರು ದಿನಕ್ಕೆ, ಮೂರು ವಾರಕ್ಕೆ ಹೋಯಿತು. ಆಗ ಬಂದ ಕೋಪದ ಪತ್ರಗಳಲ್ಲಿ ಅರ್ಧ ನಾನೇ ಮೈಮೇಲೆ ಎಳೆದುಕೊಂಡಿದ್ದು. ಮೊದಲಿಂದ ತಿಂಗಳಿಗೊಮ್ಮೆ ನೋಡುವವನಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರೂಢಿ ಮಾಡಿಸಿದ್ದು ನಾನು, ಬಿಡಿಸಿದ್ದೂ ನಾನು, ಹೇಳದೆ ಕೇಳದೆ.

ಇನ್ನೊಂದು ಒಪ್ಪಿಕೊಳ್ಳಬೇಕು. ನಾನೂ ಆ ಕಡೆ ನಿಂತು ಬೈದವನೇ. ಬಹಳ ಹಿಂದೆ ಒಂದು ಟೆಕ್ಸ್ಟ್ ಎಡಿಟರ್‌ನಲ್ಲಿ ಕನ್ನಡದ ಒತ್ತಕ್ಷರ ಅಳಿಸಿದರೆ ಕರ್ಸರ್ ಎಲ್ಲೋ ಹೋಗಿ ಕೂರುತ್ತಿತ್ತು. "ಇಷ್ಟು ವರ್ಷ ಆದರೂ ಇದನ್ನು ಸರಿಮಾಡಲು ಆಗಿಲ್ಲ ಅಂದರೆ ನಾಚಿಕೆಗೇಡು" ಅಂತ ಬರೆದಿದ್ದೆ. ಉತ್ತರ ಬಂತು, ಎರಡೇ ಪದ: "ಪ್ಯಾಚ್ ಕಳಿಸಿ." ಅಂದರೆ, ಸರಿಪಡಿಸುವ ಕೋಡನ್ನು ನೀನೇ ಬರೆದು ಕಳಿಸು ಅಂತ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇವತ್ತಿಗೂ ಆ ಉತ್ತರ ನನಗೆ ಸರಿ ಅನಿಸುವುದಿಲ್ಲ. ಎಡಿಟರ್ ಒಳಗಿನ ಪಠ್ಯದ ಎಂಜಿನ್‌ಗೆ ಕೈ ಹಾಕಲು ತಿಂಗಳುಗಟ್ಟಲೆ ಬೇಕು, ಅದು ಹೇಳಿದವರಿಗೂ ಗೊತ್ತು. "ನಿನ್ನಿಂದ ಆಗಲ್ಲ, ಬಾಯಿ ಮುಚ್ಚು" ಅನ್ನುವುದಕ್ಕೆ ಮರ್ಯಾದೆಯ ವೇಷ ಹಾಕಿದ ಮಾತು ಅದು. "ಇದು ನಿಜವಾದ ತೊಂದರೆ, ಆದರೆ ನಮ್ಮಲ್ಲಿ ಇದನ್ನು ಮಾಡುವವರು ಯಾರೂ ಇಲ್ಲ" ಅಂದಿದ್ದರೆ ಸಾಕಿತ್ತು. ಒಂದು ಸಾಲು ಹೆಚ್ಚು, ಅಷ್ಟೇ.

ಒತ್ತಡ ಹಾಕಿದರೆ ಏನಾಗಬಹುದು ಅನ್ನುವುದಕ್ಕೆ ಎಕ್ಸ್‌ಝಡ್‌ಗಿಂತ ಒಳ್ಳೆಯ, ಅಂದರೆ ಕೆಟ್ಟ, ಉದಾಹರಣೆ ಇಲ್ಲ. ಫೈಲುಗಳನ್ನು ಕುಗ್ಗಿಸುವ ಸಾಧನ ಅದು, ಲಿನಕ್ಸ್ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂನ ಹೆಚ್ಚುಕಡಿಮೆ ಎಲ್ಲ ರೂಪಗಳಲ್ಲೂ ಇದೆ. ಹಲವು ವರ್ಷಗಳಿಂದ ಮುಖ್ಯವಾಗಿ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ, ಬೇರೆಲ್ಲೂ ಕಾಣದ ಕೆಲವು ಹೆಸರುಗಳಿಂದ ಪತ್ರಗಳು ಬರತೊಡಗಿದವು: ಪ್ಯಾಚ್‌ಗಳು ಕೊಳೆಯುತ್ತಿವೆ, ನಿಮಗೆ ಆಸಕ್ತಿ ಹೋಗಿದೆ, ಬೇರೆಯವರಿಗೆ ಬಿಟ್ಟುಕೊಡಿ. ನೋಡಿಕೊಳ್ಳುತ್ತಿದ್ದವರು ವಿನಯವಾಗಿಯೇ ಉತ್ತರ ಬರೆದರು, ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಅನ್ನುವುದು ನೆನಪಿರಲಿ ಅಂತ. ಅದೇ ಹೊತ್ತಿಗೆ ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಒಬ್ಬರು ಬಹಳ ಸಭ್ಯವಾಗಿ, ಬಹಳ ತಾಳ್ಮೆಯಿಂದ ಸಹಾಯ ಮಾಡುತ್ತಾ ಬಂದು, ನಿಧಾನವಾಗಿ ರಿಲೀಸ್ ಮಾಡುವ ಹಕ್ಕನ್ನೂ ಪಡೆದರು. 2024ರ ಶುರುವಿನಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಹೊರಗಿನವರು ಗುಟ್ಟಾಗಿ ಯಂತ್ರದೊಳಗೆ ನುಗ್ಗುವಂಥ ಕಳ್ಳ ಬಾಗಿಲು ಸೇರಿತು. ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್‌ಗೆ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್, ಅಂದರೆ ದೂರದಿಂದ ಯಂತ್ರದೊಳಗೆ ಹೋಗುವುದು, ಅರ್ಧ ಸೆಕೆಂಡು ತಡ ಅನಿಸಿತು. ಏಕೆ ಅಂತ ಕೆದಕಿದರು. ಮಾರ್ಚ್ 29ಕ್ಕೆ ಜಗತ್ತಿಗೆ ಗೊತ್ತಾಯಿತು.

ಆ ಒತ್ತಡದ ಪತ್ರಗಳನ್ನು ನಾನು ಓದಿದ್ದೇನೆ. ಹೆದರಿಕೆ ಹುಟ್ಟಿಸುವ ವಿಷಯ ಏನೆಂದರೆ ಅವುಗಳಲ್ಲಿ ವಿಶೇಷ ಏನೂ ಇಲ್ಲ. ನನಗೆ ಬರುವ ಪತ್ರಗಳ ಹಾಗೇ ಇವೆ. ಸಾಮಾನ್ಯ ಬಳಕೆದಾರರ ಸಾಮಾನ್ಯ ಸಿಡಿಮಿಡಿ ಎಷ್ಟು ಮಾಮೂಲಾಗಿದೆ ಅಂದರೆ ಅದರ ಮರೆಯಲ್ಲಿ ಯಾರು ಬೇಕಾದರೂ ಅಡಗಬಹುದು.

ಹಾಗಾದರೆ ಸಪೋರ್ಟ್ ಬೇಕು ಅನ್ನುವುದೇ ತಪ್ಪಾ? ಖಂಡಿತ ಅಲ್ಲ. ಅದು ಒಂದು ಕೆಲಸ, ಅದಕ್ಕೆ ಬೆಲೆ ಇದೆ. ರೆಡ್ ಹ್ಯಾಟ್ ಅನ್ನುವ ಕಂಪನಿ ಮಾರಿದ್ದು ಲಿನಕ್ಸ್ ಅಲ್ಲ, ಕೋಡ್ ಅಂತೂ ಎಲ್ಲರಿಗೂ ಸಿಗುತ್ತಿತ್ತು. ಮಾರಿದ್ದು "ಕೆಟ್ಟರೆ ನಾವಿದ್ದೇವೆ" ಅನ್ನುವ ಮಾತು. ಆ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 34 ಶತಕೋಟಿ ಡಾಲರ್‌ಗೆ ಕೊಂಡಿತು. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್‌ನವರು ಕೋಡನ್ನು ಯಾರ ಹಕ್ಕೂ ಇಲ್ಲದಂತೆ ಬಿಟ್ಟಿದ್ದಾರೆ, ಸಪೋರ್ಟ್ ಬೇಕಾದವರಿಗೆ ಒಪ್ಪಂದ ಮಾರುತ್ತಾರೆ. ಇನ್ನೊಂದು ತುದಿಯಲ್ಲಿ 2014ರ ಓಪನ್‌ಎಸ್‌ಎಸ್‌ಎಲ್ ಇದೆ. ಹಾರ್ಟ್‌ಬ್ಲೀಡ್ ಅನ್ನುವ ಬಗ್ ಹೊರಬಿದ್ದಾಗ, ಅರ್ಧ ಇಂಟರ್ನೆಟ್‌ನ ಬೀಗ ಅನ್ನಬಹುದಾದ ಆ ಪ್ರಾಜೆಕ್ಟ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತ ಎಲ್ಲರಿಗೂ ಗೊತ್ತಾಯಿತು.

ನೋಡಿಕೊಳ್ಳುವ ಹೊಣೆ ಯಾರದು ಅನ್ನುವುದನ್ನು ಯುರೋಪಿನ ಒಕ್ಕೂಟ ಈಗ ಕಾನೂನಿನಲ್ಲೇ ಬರೆದಿದೆ. ಸೈಬರ್ ರೆಸಿಲಿಯನ್ಸ್ ಆಕ್ಟ್ 2024ರ ಡಿಸೆಂಬರ್ 10ಕ್ಕೆ ಜಾರಿಗೆ ಬಂತು, ಅದರ ಮುಖ್ಯ ಹೊಣೆಗಳು 2027ರ ಡಿಸೆಂಬರ್‌ನಿಂದ ಅನ್ವಯ. ಸಾಫ್ಟ್‌ವೇರ್ ಇರುವ ವಸ್ತುವನ್ನು ಮಾರುವವರು ಸಾಮಾನ್ಯವಾಗಿ ಕನಿಷ್ಠ 5 ವರ್ಷ ಅದರ ಭದ್ರತೆಯ ಲೋಪಗಳನ್ನು ನೋಡಿಕೊಳ್ಳಬೇಕು, ಒಳಗೆ ಬಳಸಿದ ಓಪನ್ ಸೋರ್ಸ್ ತುಣುಕುಗಳೂ ಸೇರಿ. ದುಡ್ಡಿಗಲ್ಲದೆ ಬರೆದು ಹಂಚಿದವರ ಮೇಲೆ ಆ ಹೊಣೆ ಇಲ್ಲ. ಮೊದಲ ಕರಡು ಬಂದಾಗ ನಾವೆಲ್ಲ ಗಾಬರಿಯಾಗಿದ್ದೆವು, ಭಾನುವಾರದ ಹವ್ಯಾಸಕ್ಕೂ ಫೈಲು, ಸಹಿ, ದಂಡ ಬರುತ್ತದೇನೋ ಅಂತ. ಆಮೇಲೆ ತಿದ್ದಿದರು.

ಸ್ವಯಂಸೇವಕರಿಂದ ಏನನ್ನೂ ನಿರೀಕ್ಷಿಸಬಾರದು ಅನ್ನುವವರೂ ನಮ್ಮಲ್ಲಿ ಇದ್ದಾರೆ. ನಾನು ಆ ಪಂಥದವನಲ್ಲ. ಒಂದನ್ನು ನೀವು ಕೇಳಬಹುದು, ಕೇಳಲೇಬೇಕು: ಇರುವ ಸ್ಥಿತಿಯನ್ನು ಇದ್ದ ಹಾಗೆ ಹೇಳುವುದು. ನಾನು ಇದನ್ನು ನೋಡಿಕೊಳ್ಳುತ್ತಿದ್ದೇನಾ, ಬಿಟ್ಟಿದ್ದೇನಾ? ಫೈಲು ಕಳೆದುಹೋಗುವ ಬಗ್ ಇದೆ ಅಂತ ಗೊತ್ತಿದ್ದೂ ಸುಮ್ಮನಿದ್ದೇನಾ? ಗೊತ್ತಿದ್ದು ಮುಚ್ಚಿಟ್ಟರೆ "ಬಿಟ್ಟಿ ಕೊಟ್ಟಿದ್ದೇನೆ" ಅನ್ನುವುದು ನೆಪ ಆಗುವುದಿಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರು ಅದರ ಎರಡನೇ ಆವೃತ್ತಿಯನ್ನು 2020ರ ಜನವರಿ 1ಕ್ಕೆ ನಿಲ್ಲಿಸುತ್ತೇವೆ ಅಂತ ಆರು ವರ್ಷ ಮೊದಲೇ, 2014ರಲ್ಲೇ ಹೇಳಿದ್ದರು. ಅದಕ್ಕೂ ಮುಂಚೆ 2015 ಅಂತ ಇತ್ತು, ಜನ ತಯಾರಾಗಿಲ್ಲ ಅಂತ ಮುಂದಕ್ಕೆ ಹಾಕಿದರು. ಇಷ್ಟಾದರೂ 2020ರಲ್ಲಿ "ಇದ್ದಕ್ಕಿದ್ದಂತೆ ಕೈಬಿಟ್ಟರು" ಅಂತ ಗೋಳಾಡಿದವರು ಇದ್ದರು, ಅವರಿಗೆ ಮಾತ್ರ ನನ್ನಲ್ಲಿ ಔಷಧಿ ಇಲ್ಲ.

ನನ್ನ ಪುಟದಲ್ಲಿ "ಸುಲಭ, ನಂಬಿಕಸ್ಥ, ಎಲ್ಲರಿಗೂ" ಈಗ ಇಲ್ಲ. ಆ ಜಾಗದಲ್ಲಿ ಬರೆದಿರುವುದು ಇದು: "ಒಬ್ಬನೇ ನೋಡಿಕೊಳ್ಳುತ್ತೇನೆ. ತಿಂಗಳಿಗೆ ಒಂದೆರಡು ಸಲ ಇಲ್ಲಿ ಬರುತ್ತೇನೆ. ಫೈಲು ಕಳೆಯುವ ತೊಂದರೆ ಇದ್ದರೆ ಮೊದಲು ಅದನ್ನು ನೋಡುತ್ತೇನೆ. ಹೊಸ ಸೌಲಭ್ಯ ನನಗೆ ಬೇಕೆನಿಸಿದರೆ ಮಾಡುತ್ತೇನೆ. ಬಳಸುವ ಮುಂಚೆ ಫೋಟೊಗಳ ಇನ್ನೊಂದು ಪ್ರತಿ ಇಟ್ಟುಕೊಳ್ಳಿ." ಬರೆದ ಮೇಲೆ ಬೈಗುಳ ನಿಂತಿಲ್ಲ, ಕಡಿಮೆಯಾಗಿದೆ. ನನ್ನೊಳಗಿನ ತಪ್ಪಿತಸ್ಥ ಭಾವ ಮಾತ್ರ ಬಹಳ ಕಡಿಮೆಯಾಗಿದೆ, ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದು ಅದೇ.

ಕೊನೆಯಲ್ಲಿ ಎರಡು ಪ್ರಶ್ನೆ ಬಂದವು. ಬಳಕೆದಾರರೇ ಇಲ್ಲದಿದ್ದರೆ ನಿಮ್ಮ ಪ್ರಾಜೆಕ್ಟ್‌ಗೆ ಏನು ಬೆಲೆ ಅಂತ ಒಬ್ಬರು ಕೇಳಿದರು, ಸ್ವಲ್ಪ ಖಾರವಾಗಿಯೇ. ನನ್ನ ಫೋಟೊಗಳಿಗೆ ಹೆಸರಿಡಲು ಅದು ಆಗಲೂ ಬೇಕು, ಅಂದೆ. ಆದರೆ ಅವರ ಮಾತಿನಲ್ಲೂ ಅರ್ಧ ಸತ್ಯ ಇದೆ. ನಾನು ಜನ್ಮದಲ್ಲಿ ಮುಟ್ಟದ ಕ್ಯಾಮೆರಾಗಳ ಬಗ್ಗೆ ನನಗೆ ಗೊತ್ತಾಗಿದ್ದು ಬೈದವರಿಂದಲೇ.

ಇನ್ನೊಬ್ಬರು ಕೇಳಿದ್ದು, ಆ ಸಮಯದ ಬಗ್ ಏನಾಯಿತು? ಅದಿನ್ನೂ ಇದೆ. ಬೈದ ಆ ಮನುಷ್ಯ ಫೈಲು ಕಳಿಸಲೇ ಇಲ್ಲ. ಬೇರೊಬ್ಬರು, ಒಂದು ಮಾತೂ ಹೆಚ್ಚು ಆಡದೆ, ಯಾವ ಮಾಡೆಲ್‌ಗೆ ಯಾವ ಸಮಯ ಅಂತ ಪಟ್ಟಿ ಮಾಡಿ ಪ್ಯಾಚ್ ಕಳಿಸಿದ್ದಾರೆ. ಚೆನ್ನಾಗಿದೆ. ಕಳಿಸಿ ನಾಲ್ಕು ತಿಂಗಳಾಯಿತು, ನಾನಿನ್ನೂ ಪೂರ್ತಿ ಓದಿಲ್ಲ, ಓದಿಲ್ಲ ಅಂತ ಅವರಿಗೆ ಬರೆದೂ ಇಲ್ಲ. ವೇದಿಕೆ ಮೇಲೆ ನಿಂತು ಇದನ್ನು ಹೇಳುವಾಗ ಮುಖ ಬಿಸಿಯಾಯಿತು. ಆ ರಾತ್ರಿ ಮನೆಗೆ ಹೋಗಿ ಅವರಿಗೆ ಎರಡು ಸಾಲು ಬರೆದೆ: ಸಿಕ್ಕಿದೆ, ಥ್ಯಾಂಕ್ಸ್, ಮುಂದಿನ ತಿಂಗಳ ಒಳಗೆ ಆಗಲಿಲ್ಲ ಅಂದರೆ ನನ್ನ ಕೈಯಲ್ಲಿ ಆಗಲ್ಲ ಅಂತಲಾದರೂ ಹೇಳುತ್ತೇನೆ.

ಬೆಳಗ್ಗೆ ಅವರಿಂದ ಉತ್ತರ ಬಂದಿತ್ತು. ಪರವಾಗಿಲ್ಲ, ನಾನು ನನ್ನ ಪ್ಯಾಚ್ ಹಾಕಿಕೊಂಡೇ ಬಳಸುತ್ತಿದ್ದೇನೆ, ನಿಮಗೆ ಯಾವಾಗ ಆಗುತ್ತೋ ಆಗ ನೋಡಿ ಅಂತ.